ಒಂದೇ ಪಣ, ಹಲವು ಜಾಮೀನು

ಕಡೂರು ತಾಲ್ಲೂಕಿನ ದೇವನೂರು ಕನ್ನಡ ಬಲ್ಲವರಿಗೆಲ್ಲ ಒಂದು ಯಾತ್ರಾಸ್ಥಳವು. ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನು ತನ್ನ ಕಾವ್ಯದಲ್ಲಿ ಹೆಸರಿಸಿರುವ ದೇವಪುರವು ಇದೇ ಎಂದು ಪಂಡಿತರಲ್ಲಿ ಬಹುಮಂದಿ ಒಪ್ಪಿರುತ್ತಾರೆ. ಆ ಕಾವ್ಯದೊಳಗಿನ ಚಂದ್ರಹಾಸನ ಕಥೆಯನ್ನು ಅರಿಯದ ವಾಚಕರು ವಿರಳ. ಕುಂತಳದ ಮಂತ್ರಿಯಾದ ದುಷ್ಟಬುದ್ಧಿಯು ತನ್ನ ಮಗ ಮದನನಿಗೆ, ಇವನಿಗೆ ವಿಷವನ್ನು ಕೊಡು ಎಂದು ಪತ್ರ ಬರೆದು, ಆ ಪತ್ರವನ್ನು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುತ್ತಾನೆ. ದಾರಿಯಲ್ಲಿ ಉದ್ಯಾನವೊಂದರಲ್ಲಿ ಆತನು ಮಲಗಿ ನಿದ್ರಿಸುತ್ತಿರುವಾಗ ಮಂತ್ರಿಯ ಮಗಳಾದ ವಿಷಯೆಯು ಪತ್ರವನ್ನು ಬಿಚ್ಚಿ ನೋಡಿ ಅಕ್ಷರವನ್ನು ತಿದ್ದುತ್ತಾಳೆ. ವಿಷವು ಹೋಗಿ ವಿಷಯೆಯಾಗುತ್ತದೆ, ಮರಣದಂಡನೆಯು ಮದುವೆಯಾಗುತ್ತದೆ. ಕಥೆಯಲ್ಲಿ ಇದು ದೈವಸಂಕಲ್ಪವೆಂದು ನಾವು ಸಂತೋಷಪಡುತ್ತೇವೆ. ಆದರೆ ಸರ್ಕಾರಿ ಕಛೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ ಕೆಲಸ ಮಾಡುವ ಗೃಹಸ್ಥನೊಬ್ಬನು ಇದನ್ನೇ ಓದಿದರೆ ಅವನಿಗೆ ಬೇರೊಂದು ಪ್ರಶ್ನೆಯು ಹೊಳೆಯದೆ ಇರದು: ಹೊರಟ ಪತ್ರವೂ ತಲುಪಿದ ಪತ್ರವೂ ಒಂದೇ ಎಂಬುದಕ್ಕೆ ಜಾಮೀನು ಯಾರು? ಆ ಜಾಮೀನುದಾರನು ತಪ್ಪಿದರೆ ಅವನಿಂದ ವಸೂಲು ಮಾಡತಕ್ಕದ್ದು ಏನು?

ಇಂದು ಲೋಕದಲ್ಲಿ ಕೋಟ್ಯಂತರ ಡಾಲರುಗಳ ವ್ಯವಹಾರವು ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿದೆ. ಬ್ಲಾಕ್‌ಚೈನು ಎಂಬ ಲೆಕ್ಕದ ಪುಸ್ತಕವನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬಂದಿರುವ ಬರಹಗಳಲ್ಲಿ ಬಹುಪಾಲು ನಾಣ್ಯದ ಬೆಲೆಯ ಏರಿಳಿತವನ್ನೇ ಹೇಳುತ್ತವೆ. ಬೆಲೆಯ ಮಾತು ಇರಲಿ. ಆ ಪುಸ್ತಕವನ್ನು ಕಾಯತಕ್ಕವರು ಯಾರು, ಅವರನ್ನು ನೆಟ್ಟಗಿರಿಸುವ ಭಯ ಯಾವುದು, ಆ ಒಂದೇ ಭಯವನ್ನು ಈಚೆಗೆ ಹತ್ತು ಕಡೆಗೆ ಬಾಡಿಗೆಗೆ ಕೊಡಹೊರಟಿರುವುದರ ಪರಿಣಾಮವೇನು ಎಂಬುದೇ ಪ್ರಕೃತ ವಿಚಾರವು.

ಈಥೀರಿಯಮ್ ಎಂಬ ಜಾಲವನ್ನು ತೆಗೆದುಕೊಳ್ಳೋಣ. 2022ರ ಸೆಪ್ಟೆಂಬರ್ 15ರಿಂದ ಈಚೆಗೆ ಆ ಜಾಲದ ಲೆಕ್ಕವನ್ನು ಯಂತ್ರಗಳ ದುಡಿಮೆಯಿಂದಲ್ಲ, ಪಣದಿಂದ ಕಾಯಲಾಗುತ್ತಿದೆ. ಲೆಕ್ಕಕ್ಕೆ ಸಾಕ್ಷಿಯಾಗಿ ಸಹಿ ಹಾಕಲು ಬಯಸುವವನು ಕನಿಷ್ಠ 32 ಈಥರ್ ನಾಣ್ಯಗಳನ್ನು ಠೇವಣಿಯಿಡಬೇಕು. ನೆಟ್ಟಗೆ ಸಹಿ ಹಾಕಿದರೆ ಅಲ್ಪ ಸಂಭಾವನೆಯು ದೊರೆಯುವುದು. ಪರಸ್ಪರ ವಿರುದ್ಧವಾದ ಎರಡು ಲೆಕ್ಕಗಳಿಗೆ ಸಹಿ ಹಾಕಿ ಸಿಕ್ಕಿಬಿದ್ದರೆ ಠೇವಣಿಯ ಒಂದು ಭಾಗವನ್ನು ಕಡಿದುಹಾಕಿ, ಅವನನ್ನು ಸಾಕ್ಷಿಗಳ ಸಾಲಿನಿಂದ ಹೊರಹಾಕುತ್ತಾರೆ. ಒಬ್ಬನೇ ತಪ್ಪಿದರೆ ದಂಡವು ಸ್ವಲ್ಪ. ಅದೇ ಕಾಲದಲ್ಲಿ ಬಹುಮಂದಿ ಕೂಡಿ ತಪ್ಪಿದರೆ ದಂಡವು ಬೆಳೆಯುತ್ತಾ ಹೋಗಿ, ಮೂರರಲ್ಲೊಂದು ಪಾಲಿನವರು ಒಟ್ಟಿಗೆ ತಪ್ಪಿದಲ್ಲಿ ಇಡೀ ಠೇವಣಿಯೇ ಹೋಗುವುದು. ಒಬ್ಬನ ಪ್ರಮಾದವನ್ನು ಕ್ಷಮಿಸಿ ಕೂಟದ ದ್ರೋಹವನ್ನು ಕ್ಷಮಿಸದ ಈ ನಿಯಮವು ವಿವೇಕಯುತವಾದುದೆಂದು ನಮಗೆ ತೋರುತ್ತದೆ. 2025ರ ವೇಳೆಗೆ ಹೀಗೆ ಪಣಕ್ಕೆ ಬಿದ್ದಿದ್ದ ನಾಣ್ಯಗಳು 3 ಕೋಟಿಗೂ ಮಿಕ್ಕಿದ್ದವು.

ಆದರೆ ಲೋಕದಲ್ಲಿ ಈಥೀರಿಯಮಿನ ಲೆಕ್ಕವೊಂದೇ ಇಲ್ಲವಷ್ಟೆ. ಒಂದು ಜಾಲದಿಂದ ಇನ್ನೊಂದಕ್ಕೆ ಸುದ್ದಿಯನ್ನೂ ಹಣವನ್ನೂ ದಾಟಿಸುವ ಸೇತುವೆಗಳುಂಟು. ಹೊರಗಿನ ಮಾರುಕಟ್ಟೆಯ ಧಾರಣೆಯನ್ನು ಜಾಲದೊಳಕ್ಕೆ ತಂದು ಹೇಳುವ ವಾರ್ತಾಹರರುಂಟು. ದೊಡ್ಡ ದೊಡ್ಡ ದಸ್ತಾವೇಜುಗಳನ್ನು ಕೇಳಿದವರಿಗೆ ತೋರಿಸಲು ಇಟ್ಟುಕೊಂಡಿರುವ ಉಗ್ರಾಣಗಳುಂಟು. ಚಂದ್ರಹಾಸನ ಪತ್ರದ ಸಮಸ್ಯೆಯು ಇವರೆಲ್ಲರಿಗೂ ಸಮಾನವು. ಈ ಸೇವೆಗಳಲ್ಲಿ ಪ್ರತಿಯೊಂದೂ ತನ್ನದೇ ನಾಣ್ಯವನ್ನು ಹೊರಡಿಸಿ, ತನ್ನದೇ ಸಾಕ್ಷಿಗಳನ್ನು ಕಲೆಹಾಕಿ, ತನ್ನದೇ ಠೇವಣಿಯನ್ನು ಕಟ್ಟಿಸಬೇಕಾಗಿತ್ತು. ಹೊಸ ಅಂಗಡಿಯವನಿಗೆ ಜಾಮೀನು ಕೊಡುವವರು ಯಾರು? ಠೇವಣಿಯು ಸಣ್ಣದಾದರೆ ಅದನ್ನು ಕೊಂಡುಕೊಂಡು ಸುಳ್ಳುಸಾಕ್ಷಿ ಹೇಳಿಸುವುದು ಧೂರ್ತರಿಗೆ ಸುಲಭ. ತೊಂದರೆಯು ನಿಜವಾದುದೇ.

ಇದಕ್ಕೆ ಪರಿಹಾರವನ್ನು ಹೇಳಿದವರಲ್ಲಿ ಮುಖ್ಯರು ಶ್ರೀರಾಮ್ ಕಣ್ಣನ್ ಎಂಬವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿ, ಅಮೆರಿಕೆಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದವರು. ಅವರು ಸ್ಥಾಪಿಸಿದ ಸಂಸ್ಥೆಯ ಐಗನ್‌ಲೇಯರ್ ಎಂಬ ಏರ್ಪಾಡು 2023ರ ಜೂನ್ ತಿಂಗಳಲ್ಲಿ ಮೊದಲ ಹಂತವಾಗಿ ಆರಂಭವಾಯಿತು. ಅದರ ತತ್ತ್ವವು ಇಷ್ಟೇ: ಈಥೀರಿಯಮಿನಲ್ಲಿ ಈಗಾಗಲೇ ಇಟ್ಟಿರುವ ಠೇವಣಿಯು ಅಲ್ಲಿಯೇ ಇರಲಿ. ಅದರ ಒಡೆಯನು, ಈ ಠೇವಣಿಯನ್ನು ಹಿಂತೆಗೆಯುವ ಕಾಲಕ್ಕೆ ಮೊದಲು ಈ ಕರಾರಿನ ಕೈಯನ್ನು ಹಾದು ಬರಲಿ ಎಂದು ಬರೆದುಕೊಟ್ಟರಾಯಿತು. ಅನಂತರ ಆತನು ಹೊಸ ಸೇವೆಗಳಿಗೂ ಸಾಕ್ಷಿಯಾಗಿ ನಿಲ್ಲಬಹುದು, ಅವುಗಳಿಂದಲೂ ಸಂಭಾವನೆಯನ್ನು ಪಡೆಯಬಹುದು. ಅಲ್ಲಿ ತಪ್ಪಿದರೆ ಇದೇ ಠೇವಣಿಯನ್ನು ಕಡಿಯಬಹುದು. ಆಂಗ್ಲರು ಇದನ್ನು ರೀಸ್ಟೇಕಿಂಗ್ ಎನ್ನುತ್ತಾರೆ. ನಾವು ಮರುಪಣವೆಂದು ಕರೆಯೋಣ.

ಕಡೂರು ತರೀಕೆರೆಗಳ ಕಡೆಯವರಿಗೆ ಈ ವಿಚಾರವು ಹೊಸದಲ್ಲ. ಜಾಮೀನಿನ ಮಾತನ್ನು ಅವರಿಗೆ ಹೊರಗಿನವರು ಕಲಿಸಬೇಕಾದುದೂ ಇಲ್ಲ. ಅಡಿಕೆ ಬೆಳೆಗಾರನು ಸಹಕಾರ ಸಂಘದ ಉಗ್ರಾಣದಲ್ಲಿ ಮೂಟೆಗಳನ್ನಿಟ್ಟು ಮುಂಗಡ ಪಡೆಯುತ್ತಾನೆ. ಒಂದು ಮೂಟೆಯು ಎರಡು ಉಗ್ರಾಣಗಳಲ್ಲಿ ಇರಲಾರದಾದುದರಿಂದ ಅದರ ಮೇಲೆ ಎರಡು ಮುಂಗಡ ಹುಟ್ಟುವುದು ಕಷ್ಟ. ಜಮೀನಿನ ವಿಷಯದಲ್ಲಿ ಹಾಗಲ್ಲ. ಜಮೀನು ಓಡಿಹೋಗುವುದಿಲ್ಲವಾದರೂ ಕಾಗದವು ಓಡಾಡುತ್ತದೆ. ಆದುದರಿಂದಲೇ ಪಹಣಿಯ 11ನೆಯ ಕಲಮಿನಲ್ಲಿ ಋಣವನ್ನು ದಾಖಲು ಮಾಡುವ ಕ್ರಮವಿದೆ. ಪಹಣಿಯು ಭೂಮಿ ಯೋಜನೆಯ ಗಣಕಯಂತ್ರಗಳಿಗೆ ಏರಿದಂದಿನಿಂದ ಯಾವ ಬ್ಯಾಂಕಿನ ಬೋಜವಿದೆಯೆಂಬುದನ್ನು ಯಾರಾದರೂ ನೋಡಬಹುದು. 1882ರ ಸ್ವತ್ತು ವರ್ಗಾವಣೆಯ ಶಾಸನವು ಎರಡನೆಯ ಅಡಮಾನವನ್ನು ನಿಷೇಧಿಸಿಲ್ಲ. ಆದರೆ ಮೊದಲು ಬಂದವನ ಹಕ್ಕು ಮೊದಲು, ಎರಡನೆಯವನಿಗೆ ಉಳಿದುದು. ಎರಡನೆಯವನು ಅದನ್ನು ತಿಳಿದೇ ಸಾಲ ಕೊಡುತ್ತಾನೆ, ತಿಳಿದೇ ಕಡಿಮೆ ಕೊಡುತ್ತಾನೆ.

ಮರುಪಣದ ಸಮರ್ಥಕರು ಇಲ್ಲಿ ಒಂದು ಮಾತನ್ನು ಹೇಳುತ್ತಾರೆ. ಅದು ನ್ಯಾಯವಾದ ಮಾತು. ಯಾರು ಎಷ್ಟನ್ನು ಯಾವ ಸೇವೆಗೆ ಒಪ್ಪಿಸಿದ್ದಾರೆಂಬುದು ಆ ಜಾಲದ ಬಹಿರಂಗವಾದ ಲೆಕ್ಕದಲ್ಲಿಯೇ ಇದೆ, ನಿಮ್ಮ 11ನೆಯ ಕಲಮಿಗಿಂತ ಇದು ಕೀಳಲ್ಲ, ಎಂದು. ಮರೆಮಾಚಿದ ಮರುಒತ್ತೆಗೂ ಇದಕ್ಕೂ ಇರುವ ಅಂತರವನ್ನು ನಾವು ಅಲ್ಲಗಳೆಯಲಾರೆವು. ಮರೆಮಾಚಿದ ಮರುಒತ್ತೆಯು ಏನು ಮಾಡುತ್ತದೆಂಬುದನ್ನು ಲೋಕವು ಕಂಡಿದೆ. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಸಂಸ್ಥೆಯು ದಿವಾಳಿಯಾದಾಗ ಅದರ ಲಂಡನ್ ಶಾಖೆಯಲ್ಲಿ ಪತ್ರಗಳನ್ನಿಟ್ಟಿದ್ದ ಗಿರಾಕಿಗಳಿಗೆ, ತಮ್ಮ ಒತ್ತೆಯು ಇನ್ನೊಬ್ಬನ ಒತ್ತೆಯಾಗಿ ಮತ್ತೊಬ್ಬನ ಕೈಸೇರಿದೆಯೆಂದು ಆಗ ತಿಳಿಯಿತು, ವರ್ಷಗಟ್ಟಲೆ ಕಾದರು. ನಮ್ಮ ನೆರೆಯ ಹೈದರಾಬಾದಿನ ಕಾರ್ವಿ ದಲ್ಲಾಳಿ ಸಂಸ್ಥೆಯು ಗಿರಾಕಿಗಳ ಷೇರುಗಳನ್ನು ತನ್ನದೆಂಬಂತೆ ಒತ್ತೆಯಿಟ್ಟು ಸಾಲವೆತ್ತಿದುದನ್ನು ಸೆಬಿಯು 2019ರ ನವೆಂಬರ್ 22ರ ಆಜ್ಞೆಯಿಂದ ತಡೆಯಿತು. ಆ ಷೇರುಗಳ ಬೆಲೆಯು ಸುಮಾರು 2,300 ಕೋಟಿ ರೂಪಾಯಿಗಳೆಂದು ಹೇಳಲಾಯಿತು. ಚಿನ್ನದ ಮೇಲೆ ಸಾಲ ಕೊಡತಕ್ಕವರು ಆ ಚಿನ್ನವನ್ನು ಮರಳಿ ಒತ್ತೆಯಿಟ್ಟು ತಾವು ಸಾಲ ತರಕೂಡದೆಂದು ರಿಸರ್ವ್ ಬ್ಯಾಂಕು 2025ರ ಜೂನ್ ತಿಂಗಳ ನಿರ್ದೇಶಗಳಲ್ಲಿ ವಿಧಿಸಿದೆ. ಹೆಂಡತಿಯ ಕೊರಳ ಸರವನ್ನು ಒತ್ತೆಯಿಟ್ಟ ರೈತನಿಗೆ ಆ ಸರವು ಯಾವ ಊರಿನ ಯಾವ ಪೆಟ್ಟಿಗೆಯಲ್ಲಿದೆಯೆಂದು ತಿಳಿದಿರಬೇಕಾದುದು ಅತ್ಯಾವಶ್ಯಕವಷ್ಟೆ.

ಆದರೆ ಎಲ್ಲವೂ ಬಹಿರಂಗವಾಗಿದೆಯೆಂಬ ಮಾತ್ರಕ್ಕೆ ಎಲ್ಲವೂ ಭದ್ರವಾಗಿದೆಯೆಂದು ಆಗುವುದಿಲ್ಲ. ಇದನ್ನು ಒಂದು ಲೆಕ್ಕದಿಂದ ತೋರಿಸುವುದು ಲೇಸು. ಒಬ್ಬ ತೂಕದವನು 10 ಲಕ್ಷ ರೂಪಾಯಿಗಳ ಠೇವಣಿಯನ್ನಿಟ್ಟಿದ್ದಾನೆಂದು ಭಾವಿಸಿರಿ. ಮೂರು ಸಂತೆಗಳವರು ಆ ಠೇವಣಿಯನ್ನು ನಂಬಿ, ಒಂದೊಂದು ಸಂತೆಯಲ್ಲಿ 6 ಲಕ್ಷದ ಕೊಬ್ಬರಿಯನ್ನು ಅವನ ತಕ್ಕಡಿಗೆ ಒಪ್ಪಿಸುತ್ತಾರೆ. ಮೋಸವು ಗೊತ್ತಾದರೆ ಠೇವಣಿಯು ಜಫ್ತಿ. ಒಂದು ಸಂತೆಯಲ್ಲಿ ಮೋಸ ಮಾಡಿದರೆ ದೊರೆಯುವುದು 6 ಲಕ್ಷ, ಹೋಗುವುದು 10 ಲಕ್ಷ, ಹುಚ್ಚನಲ್ಲದವನು ಮಾಡಲಾರನು. ಪ್ರತಿಯೊಂದು ಸಂತೆಯವರೂ ತಂತಮ್ಮಷ್ಟಕ್ಕೆ ಈ ಲೆಕ್ಕ ಹಾಕಿ ನೆಮ್ಮದಿಯಿಂದ ಇರುತ್ತಾರೆ. ಆದರೆ ಅವನು ಒಂದೇ ದಿನ ಮೂರು ಸಂತೆಗಳಲ್ಲಿಯೂ ಮೋಸ ಮಾಡಿದರೆ? ದೊರೆಯುವುದು 18 ಲಕ್ಷ, ಹೋಗುವುದು ಅದೇ 10 ಲಕ್ಷ. ಮೋಸಹೋದ ಮೂರು ಊರುಗಳವರು ಆ 10 ಲಕ್ಷಕ್ಕಾಗಿ ಜಗಳವಾಡಬೇಕು. ಠೇವಣಿಯು ಬೆಳೆಯಲಿಲ್ಲ, ಅದನ್ನು ನಂಬಿದವರ ಸಂಖ್ಯೆ ಬೆಳೆಯಿತು. ಯಾರೊಬ್ಬರ ಲೆಕ್ಕವೂ ತಪ್ಪಲ್ಲ, ಒಟ್ಟು ಲೆಕ್ಕ ಮಾತ್ರ ತಪ್ಪು.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಅಪಾಯವುಂಟು. ಯಾರೂ ಮೋಸ ಮಾಡದೆ, ಒಂದು ಸೇವೆಯ ಯಂತ್ರಲೇಖದಲ್ಲಿ ದೋಷವಿದ್ದು ನಿರಪರಾಧಿಗಳ ಠೇವಣಿಯು ಕಡಿದುಹೋಯಿತೆನ್ನಿ. ಆ ಠೇವಣಿಯನ್ನೇ ನೆಚ್ಚಿದ್ದ ಬೇರೆ ಸೇವೆಗಳ ಕಾವಲು ಅದೇ ಕ್ಷಣದಲ್ಲಿ ತೆಳುವಾಗುವುದು. ನಿನ್ನೆ ಲಾಭವಿಲ್ಲದಿದ್ದ ಮೋಸವು ಇಂದು ಲಾಭದಾಯಕವಾಗುವುದು. ಅಲ್ಲಿ ಮೋಸ ನಡೆದು ಮತ್ತಷ್ಟು ಠೇವಣಿಯು ಹೋಗುವುದು. ಹೀಗೆ ಒಂದು ಗುಡಿಸಲಿನ ಕಿಡಿಯು ಕೇರಿಯನ್ನೆಲ್ಲ ಸುಡಬಹುದು. ಅಮೆರಿಕೆಯ ವಿದ್ವಾಂಸರಾದ ನವೀನ್ ದುರ್ವಾಸುಲ ಮತ್ತು ಟಿಮ್ ರಫ್‌ಗಾರ್ಡನ್ ಎಂಬವರು 2024ರಲ್ಲಿ ಇದನ್ನು ಗಣಿತದಿಂದ ವಿಚಾರಿಸಿದರು. ಬೇಕಾದಷ್ಟೇ ಠೇವಣಿಯಿದ್ದು ಮಿಗುತಾಯವೇನೂ ಇಲ್ಲದ ಜಾಲದಲ್ಲಿ ಅತ್ಯಲ್ಪವಾದ ನಷ್ಟವೂ ಎಲ್ಲವನ್ನೂ ಮುಳುಗಿಸಬಲ್ಲದು. ಎಲ್ಲೆಡೆಯಲ್ಲಿಯೂ ನೂರಕ್ಕೆ 10ರಷ್ಟು ಹೆಚ್ಚುವರಿ ಭದ್ರತೆಯಿದ್ದರೆ, ನೂರಕ್ಕೆ 0.1ರಷ್ಟು ಠೇವಣಿಯು ಆಕಸ್ಮಿಕವಾಗಿ ನಷ್ಟವಾದಾಗ ಕೊನೆಯ ನಷ್ಟವು ನೂರಕ್ಕೆ 1.1ನ್ನು ಮೀರದು, ಎಂದು ಅವರ ಸಿದ್ಧಾಂತವು. ಕಣಜದಲ್ಲಿ ಬಿತ್ತನೆಯ ಕಾಳನ್ನು ಬೇರೆ ತೆಗೆದಿಡುವ ನಮ್ಮ ಗೃಹಿಣಿಯರಿಗೆ ಈ ತತ್ತ್ವವು ಅಪರಿಚಿತವಲ್ಲ.

ಸಾಮೂಹಿಕ ಜಾಮೀನಿನಿಂದಲೇ ಅನರ್ಥವೆಂದು ಇದರಿಂದ ಯಾರೂ ಭಾವಿಸಬಾರದು. ಕರ್ನಾಟಕದ ಅನುಭವವೇ ಅದಕ್ಕೆ ವಿರುದ್ಧವಾಗಿದೆ. 1905ರಲ್ಲಿ ಗದಗು ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಪತ್ತಿನ ಸಂಘವು ಭಾರತದ ಸಹಕಾರ ಚಳವಳಿಯ ಮೊದಲ ಸಂಘಗಳಲ್ಲಿ ಅಗ್ರಗಣ್ಯವಾದುದು. ಜರ್ಮನಿಯ ರೈಫೈಸನ್ ಮಹಾಶಯನ ಮಾದರಿಯನ್ನು ಅನುಸರಿಸಿದ ಗ್ರಾಮಸಂಘಗಳಲ್ಲಿ ಹೊಣೆಯು ಅಪರಿಮಿತವಾದುದು. ಒಬ್ಬ ಸದಸ್ಯನ ಸಾಲಕ್ಕೆ ಉಳಿದವರ ಆಸ್ತಿಯೆಲ್ಲವೂ ಜಾಮೀನು. ಸಾಹುಕಾರನ ಮುಂದೆ ಒಬ್ಬೊಬ್ಬನಾಗಿ ನಿಂತಾಗ ಬೆಲೆಯಿಲ್ಲದ ಬಡ ಒಕ್ಕಲಿಗರು ಒಟ್ಟಾಗಿ ನಿಂತಾಗ ಬೆಲೆಯುಳ್ಳವರಾದರು. ಈ ಮಾತಿನಲ್ಲಿ ಮರುಪಣದವರ ವಾದವೂ ಅಡಗಿದೆ. ಚದರಿದ ಸಣ್ಣ ಠೇವಣಿಗಳಿಗಿಂತ ಕೂಡಿದ ದೊಡ್ಡ ಠೇವಣಿಯು ಮೇಲು. ಆದರೆ ರೈಫೈಸನ್ ಪದ್ಧತಿಯ ಜೀವವು ಅಪರಿಮಿತ ಹೊಣೆಯಲ್ಲಿಲ್ಲ, ಪರಿಮಿತ ಕ್ಷೇತ್ರದಲ್ಲಿದೆ. ಒಂದು ಗ್ರಾಮಕ್ಕೆ ಒಂದು ಸಂಘ. ಪಕ್ಕದ ಮನೆಯವನು ಸಾಲದ ಹಣದಲ್ಲಿ ಎತ್ತು ಕೊಂಡನೋ ಹೆಂಡ ಕುಡಿದನೋ ಎಂಬುದನ್ನು ಜಾಮೀನುದಾರನು ಕಣ್ಣಾರೆ ಕಾಣುತ್ತಿದ್ದನು. ಮರುಪಣದ ಠೇವಣಿದಾರನು ತಾನು ಹೊಣೆಯಾದ ಸೇವೆಯ ಯಂತ್ರಲೇಖವನ್ನು ಎಂದಾದರೂ ಓದಿರುವನೆ? ಬಹುಮಟ್ಟಿಗೆ ಇಲ್ಲ. ಅವನು ನಡುವಿನ ನಿರ್ವಾಹಕನನ್ನು ನಂಬುತ್ತಾನೆ. ನಿರ್ವಾಹಕನು ಸೇವೆಯನ್ನು ನಂಬುತ್ತಾನೆ.

ನಡುವಿನವರ ಮಾತು ಬಂದಿತು. 32 ಈಥರ್ ಎಂದರೆ ನಮ್ಮ ಕಡೆಯ ಮಧ್ಯಮ ಸ್ಥಿತಿಯವರಿಗೆ ನಿಲುಕುವ ಮೊತ್ತವಲ್ಲ. ಆದುದರಿಂದ ಸಣ್ಣಪುಟ್ಟ ಮೊತ್ತಗಳನ್ನು ಕೂಡಿಸಿ ಮರುಪಣಕ್ಕಿಟ್ಟು, ಇಟ್ಟವರಿಗೆ ಕೈಬದಲಾಯಿಸಬಹುದಾದ ರಶೀದಿಯನ್ನು ಕೊಡುವ ಸಂಸ್ಥೆಗಳು ಹುಟ್ಟಿದವು. ಅವುಗಳಲ್ಲಿ ಕೆಲವನ್ನು ನಡೆಸಹೊರಟವರು ಭಾರತೀಯರೇ. ಆ ರಶೀದಿಯನ್ನು ಮತ್ತೊಂದು ಕಡೆ ಒತ್ತೆಯಿಟ್ಟು ಸಾಲ ಪಡೆದು, ಸಾಲದ ಹಣದಿಂದ ಮತ್ತೆ ರಶೀದಿಯನ್ನು ಕೊಳ್ಳುವವರೂ ಹುಟ್ಟಿದರು. ಮೂಲ ನಾಣ್ಯವು ಒಂದು, ಅದರ ಮೇಲಿನ ಹಕ್ಕಿನ ಕಾಗದಗಳು ನಾಲ್ಕು. 2024ರ ಏಪ್ರಿಲ್ 24ರಂದು ರೆಂಜೋ ಎಂಬ ಸಂಸ್ಥೆಯ ರಶೀದಿಯನ್ನು ಒಮ್ಮೆಲೇ ಮಾರಹೊರಟವರ ನೂಕುನುಗ್ಗಲಿನಲ್ಲಿ, ಈಥರಿನ ಬೆಲೆಯು 3,000 ಡಾಲರಿಗೆ ಮೇಲಿದ್ದರೂ ಆ ರಶೀದಿಯು ಒಂದು ಪೇಟೆಯಲ್ಲಿ ಕೆಲ ಹೊತ್ತು 700 ಡಾಲರಿನ ಆಸುಪಾಸಿಗೆ ಬಿದ್ದಿತು. ಆಗ ಆ ಸಂಸ್ಥೆಯಲ್ಲಿ ರಶೀದಿಯನ್ನು ಕೊಟ್ಟು ಮೂಲಧನವನ್ನು ಹಿಂಪಡೆಯುವ ಬಾಗಿಲು ಇನ್ನೂ ತೆರೆದಿರಲಿಲ್ಲ. ಠೇವಣಿಗೆ ಯಾವ ಕುಂದೂ ಬಂದಿರಲಿಲ್ಲ. ಆದರೆ ರಶೀದಿಯ ಮೇಲೆ ಸಾಲವೆತ್ತಿದ್ದವರ ಒತ್ತೆಯು ಹರಾಜಾಯಿತು.

ಆ ವರ್ಷದ ಮಧ್ಯಭಾಗದಲ್ಲಿ ಐಗನ್‌ಲೇಯರಿಗೆ ಒಪ್ಪಿಸಿದ್ದ ಸಂಪತ್ತು ಸುಮಾರು 2,000 ಕೋಟಿ ಡಾಲರುಗಳಿಗೆ ಏರಿತ್ತು. ವಾಚಕರು ಒಂದು ಸಂಗತಿಯನ್ನು ಗಮನಿಸಬೇಕೆಂದು ಕೋರುತ್ತೇವೆ. ಅಷ್ಟು ಹಣವು ಬಂದು ಬಿದ್ದಿದ್ದ ಕಾಲದಲ್ಲಿ, ತಪ್ಪಿದವರ ಠೇವಣಿಯನ್ನು ಕಡಿಯುವ ಯಂತ್ರವು ಅಲ್ಲಿ ಇನ್ನೂ ಜಾರಿಗೆ ಬಂದಿರಲಿಲ್ಲ. ಅದು ಬಂದುದು 2025ರ ಏಪ್ರಿಲ್ 17ರಂದು. ಮೊದಲ ಇಪ್ಪತ್ತೆರಡು ತಿಂಗಳು ಜಾಮೀನು ಪತ್ರವಿತ್ತು, ಜಫ್ತಿಯ ಕಲಮು ಇರಲಿಲ್ಲ! ಬಂದವರಲ್ಲಿ ಬಹುಮಂದಿಯನ್ನು ಎಳೆತಂದುದು ಮುಂದೆ ಹಂಚಲ್ಪಡುವ ಹೊಸ ನಾಣ್ಯದ ಆಸೆಯೇ ಹೊರತು ಕಾವಲಿನ ಸಂಭಾವನೆಯಲ್ಲವೆಂದು ಹೇಳಿದರೆ ಕಟುವಾದೀತು, ಸುಳ್ಳಾಗಲಾರದು.

ಕಡಿತವು ಜಾರಿಗೆ ಬಂದಾಗ ಜೊತೆಯಲ್ಲಿಯೇ ಬಂದ ನಿಯಮವೊಂದು ನಮ್ಮ ತೂಕದವನ ಲೆಕ್ಕಕ್ಕೆ ನೇರವಾದ ಉತ್ತರವಾಗಿದೆ. ನಿರ್ವಾಹಕನು ತನ್ನಲ್ಲಿರುವ ಠೇವಣಿಯನ್ನು ರೂಪಾಯಿಗೆ ನಾಲ್ಕಾಣೆ ಈ ಸೇವೆಗೆ, ಎಂಟಾಣೆ ಆ ಸೇವೆಗೆ ಎಂದು ಪಾಲುಮಾಡಿ ಬರೆದುಕೊಡಬೇಕು; ಒಂದು ಸೇವೆಗೆ ಬರೆದ ಪಾಲನ್ನು ಆ ಸೇವೆಯಲ್ಲದೆ ಇನ್ನೊಂದು ಕಡಿಯಲಾರದು. ಅಂದರೆ, ಒಂದೇ ಪಣವು ಹಲವರಿಗೆ ಪೂರ್ತಿಯಾಗಿ ಜಾಮೀನಾಗುವುದೆಂಬ ಮೊದಲಿನ ಘೋಷಣೆಯಿಂದ ಅವರೇ ಹಿಂದೆ ಸರಿದು, ಪಾಲುಪಟ್ಟಿಯ ಮಾರ್ಗವನ್ನು ಹಿಡಿದರೆಂದಾಯಿತು. ಇದನ್ನು ಸೋಲೆಂದು ಹೀಗಳೆಯುವವರಿದ್ದಾರೆ. ನಮ್ಮ ಮಟ್ಟಿಗೆ ಇದು ಆ ಏರ್ಪಾಡಿನಲ್ಲಿ ಕಂಡುಬಂದ ಅತ್ಯಂತ ವಿವೇಕದ ಹೆಜ್ಜೆಯು. ಆದರೂ ಎರಡು ಅಂತಸ್ತು ಉಳಿದೇ ಇದೆ. ಪಾಲಾದ ಆ ನಾಣ್ಯವು ಕೆಳಗೆ ಈಥೀರಿಯಮಿಗೆ ಮೊದಲೇ ಪಣವಾಗಿರುವ ನಾಣ್ಯವೇ. ಕಡಿತಕ್ಕೊಳಗಾಗಿರುವ ಪಾಲನ್ನು ಬಿಡಿಸಿಕೊಳ್ಳಲು 14 ದಿನಗಳು ಬೇಕೆಂಬುದನ್ನೂ, ಇದೇ ವ್ಯಾಪಾರಕ್ಕಿಳಿದಿರುವ ಬೇರೆ ಸಂಸ್ಥೆಗಳ ನಿಯಮವು ಬೇರೆ ಬೇರೆಯೆಂಬುದನ್ನೂ ನೆನಪಿನಲ್ಲಿಡಬೇಕು.

ಈಥೀರಿಯಮಿನ ಮೂಲಪುರುಷರಾದ ವಿಟಾಲಿಕ್ ಬುಟೆರಿನ್ ಅವರು 2023ರ ಮೇ ತಿಂಗಳಲ್ಲಿಯೇ ಒಂದು ಎಚ್ಚರಿಕೆಯನ್ನು ಕೊಟ್ಟಿದ್ದರು. ಪಣವಿಟ್ಟವರ ನಾಣ್ಯವನ್ನು ಬೇರೆ ಕೆಲಸಕ್ಕೆ ಬಳಸುವುದರಲ್ಲಿ ಅಪಾಯವಿದ್ದರೂ ಅದು ತಾಳಬಹುದಾದುದು. ಆದರೆ ಆ ಬೇರೆ ಕೆಲಸವು ಕೆಟ್ಟಾಗ, ನಮ್ಮನ್ನು ಉಳಿಸುವುದಕ್ಕಾಗಿ ಮೂಲ ಲೆಕ್ಕವನ್ನೇ ತಿದ್ದಿರೆಂದು ಸಮುದಾಯವನ್ನು ಒತ್ತಾಯಿಸುವ ಸ್ಥಿತಿಯನ್ನು ತಂದುಕೊಳ್ಳಬಾರದು, ಎಂಬುದು ಅದರ ತಾತ್ಪರ್ಯವು. ಬ್ಯಾಂಕು ಮುಳುಗಿದಾಗ ಸರ್ಕಾರದ ಬೊಕ್ಕಸದ ಬಾಗಿಲು ಬಡಿಯುವವರನ್ನು ಕಂಡಿರುವ ನಮಗೆ ಈ ಮಾತಿನ ಮರ್ಮವು ಬೇಗ ತಿಳಿಯುತ್ತದೆ. ದೊಡ್ಡವರು ತಪ್ಪಿದಾಗ ಲೆಕ್ಕವನ್ನು ತಿದ್ದಬಹುದಾದರೆ, ತಿದ್ದಲಾಗದ ಲೆಕ್ಕವೆಂಬ ಹೆಸರು ಏತಕ್ಕೆ?

ಇದೆಲ್ಲ ಸಿಯಾಟಲಿನ ಮಾತು, ಕಡೂರಿನವರಿಗೆ ಏನು ಸಂಬಂಧವೆಂದು ಕೇಳುವವರಿರಬಹುದು. ಕೈಯಲ್ಲಿ ಮೊಬೈಲು ಇರುವ ಕಡೆಯೆಲ್ಲ ಸಿಯಾಟಲು ಇದೆ. ಪಣಕ್ಕೆ ಇಷ್ಟು ಪ್ರತಿಫಲ, ಮರುಪಣಕ್ಕೆ ಅದರ ಮೇಲೆ ಇಷ್ಟು ಎಂಬ ಜಾಹೀರಾತು ತಾಲ್ಲೂಕು ಪಟ್ಟಣದ ತರುಣನಿಗೂ ಕಾಣುತ್ತದೆ. ಮೇಲಿನ ಆ ಇಷ್ಟು ಎಂಬುದು ಬಡ್ಡಿಯಲ್ಲ, ಜಾಮೀನಿಗೆ ನಿಂತದ್ದರ ಕೂಲಿ ಎಂದು ಅದರಲ್ಲಿ ಬರೆದಿರುವುದಿಲ್ಲ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯುಂಟು. ಇದಕ್ಕೆ ಅಂಥಾದ್ದೇನೂ ಇಲ್ಲ. ಸುಪ್ರೀಮ್ ಕೋರ್ಟು 2020ರ ಮಾರ್ಚ್ 4ರಂದು ರಿಸರ್ವ್ ಬ್ಯಾಂಕಿನ ನಿರ್ಬಂಧವನ್ನು ರದ್ದುಪಡಿಸಿತಾದರೂ ಅದರಿಂದ ಈ ವ್ಯವಹಾರಕ್ಕೆ ಸರ್ಕಾರದ ಭರವಸೆಯೇನೂ ದೊರೆತಂತಾಗಲಿಲ್ಲ. ದೊರೆತುದು ತೆರಿಗೆ ಮಾತ್ರ. 2022ರ ಹಣಕಾಸಿನ ಶಾಸನವು ಇಂತಹ ಸ್ವತ್ತಿನ ಮಾರಾಟದ ಲಾಭಕ್ಕೆ ನೂರಕ್ಕೆ 30ರ ತೆರಿಗೆಯನ್ನೂ, ವರ್ಗಾವಣೆಯ ಕಾಲದಲ್ಲಿ ನೂರಕ್ಕೆ 1ರ ಮುರಿತವನ್ನೂ ವಿಧಿಸಿತು. ಕೊಂಡ ಬೆಲೆಯ ಹೊರತು ಬೇರೆ ಯಾವ ವೆಚ್ಚವನ್ನೂ ಅದರಲ್ಲಿ ಕಳೆಯುವಂತಿಲ್ಲ. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದು ನಾಣ್ಯದ ಲಾಭಕ್ಕೂ, ತೆಂಗಿನ ಮಂಡಿಯ ಲಾಭಕ್ಕೂ ಹೊಂದಿಸುವಂತಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.